ಇತರೆಯೊಳಗಿನ ಇತರೆ

ಡಬ್ಬಿ ಗುಮಾಸ್ತರ ಮನೆಯಲ್ಲಿ ಒಂದು ಚಿಟಿಕೆ ಉಪ್ಪು ಬೇಕಾದರೆ ನಾಲ್ಕು ಮುಚ್ಚಳ ತೆಗೆಯಬೇಕು. ಮೊದಲು ಅಡುಗೆಮನೆಯ ಕಪಾಟಿನ ಬಾಗಿಲು. ಅದರೊಳಗೆ 'ಅಡುಗೆ ಸಾಮಾನು' ಎಂದು ಚೀಟಿ ಅಂಟಿಸಿದ ಮರದ ಪೆಟ್ಟಿಗೆ. ಅದರೊಳಗೆ 'ಪುಡಿಗಳು' ಎಂಬ ತಗಡಿನ ಡಬ್ಬ. ಅದರೊಳಗೆ 'ಬಿಳಿ ಪುಡಿಗಳು' ಎಂಬ ಸಣ್ಣ ಡಬ್ಬಿ. ಅದನ್ನೂ ತೆಗೆದರೆ ಉಪ್ಪು, ಸಕ್ಕರೆ, ಸೋಡಾ ಮೂರು ಪೊಟ್ಟಣಗಳು ಮೈಗೆ ಮೈ ತಾಗಿಸಿಕೊಂಡು ಕೂತಿರುತ್ತವೆ. ಅಷ್ಟು ಹೊತ್ತಿಗೆ ಒಲೆಯ ಮೇಲಿದ್ದದ್ದು ಉಕ್ಕಿ ಹರಿದು ಒಲೆಯೂ ಆರಿರುತ್ತದೆ.

ಅವರ ಹೆಂಡತಿಗೆ ಇಪ್ಪತ್ತೆರಡು ವರ್ಷದಿಂದ ಇದು ಅಭ್ಯಾಸವಾಗಿದೆ. ಅಭ್ಯಾಸವಾಗಿದೆ ಎಂದೆನೇ ಹೊರತು ಒಪ್ಪಿಗೆಯಾಗಿದೆ ಎನ್ನಲಿಲ್ಲ. ಆದರೆ ಎರಡು ತಿಂಗಳು ಇದ್ದು ಹೋಗೋಣವೆಂದು ಬಂದ ಅತ್ತೆಗೆ ಅಭ್ಯಾಸವೂ ಆಗಲಿಲ್ಲ, ಒಪ್ಪಿಗೆಯೂ ಆಗಲಿಲ್ಲ. ಬಂದ ಮೂರನೆಯ ದಿನ ಅವರ ಕನ್ನಡಕ ಕಾಣೆಯಾಯಿತು.

"ಅಳಿಯಂದ್ರೇ, ಕಿಟಕಿ ಮೇಲೆ ಇಟ್ಟಿದ್ದೆ ನನ್ನ ಕನ್ನಡಕ. ನೋಡಿದ್ರಾ?"

"ಕಿಟಕಿ ಮೇಲೆ ಯಾರಾದ್ರೂ ಕನ್ನಡಕ ಇಡ್ತಾರಾ ಅತ್ತೆ? ಭದ್ರವಾಗಿ ಎತ್ತಿಟ್ಟಿದ್ದೀನಿ."

"ಎಲ್ಲಿ?"

"ಬೀರುವಿನೊಳಗೆ ಒಂದು ಪೆಟ್ಟಿಗೆ ಇದೆ. ಅದರೊಳಗೆ 'ಗಾಜು' ಅಂತ ಒಂದು ಡಬ್ಬಿ ಇದೆ. ಚೀಟಿ ಅಂಟಿಸಿದ್ದೀನಿ, ಓದಿಕೊಂಡು ತೆಗೀರಿ."

"ಓದೋಕೆ ಕನ್ನಡಕ ಬೇಕಲ್ಲಪ್ಪಾ!" ಎಂದು ಅತ್ತೆ ತಲೆ ಚಚ್ಚಿಕೊಂಡರು.

ಗುಮಾಸ್ತರು ಊರಿನ ನೀರು ಸರಬರಾಜು ಕಚೇರಿಯಲ್ಲಿ ದಾಖಲೆ ಕೋಣೆಯ ಒಡೆಯರು. ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆ ಅದು. ಅಲ್ಲಿನ ಧೂಳಿಗೂ ಅವರಿಗೂ ಹತ್ತೊಂಬತ್ತು ವರ್ಷದ ನಂಟು. ಆ ನಂಟಿನ ಫಲವಾಗಿ ಅವರಿಗೆ ಸೀನು ಅಂಟಿಕೊಂಡಿತ್ತು. ಸೀನಿದರೆ ಮೂರೇ, ಎರಡಕ್ಕೆ ನಿಂತದ್ದಿಲ್ಲ, ನಾಲ್ಕಕ್ಕೆ ಹೋದದ್ದಿಲ್ಲ. ಲೆಕ್ಕ ಇಟ್ಟಂತೆ ಸೀನುವವರು ಆ ಕಚೇರಿಯಲ್ಲಿ ಅವರೊಬ್ಬರೇ.

ಮನುಷ್ಯನೆಂದ ಮೇಲೆ ಒಂದು ಆಸೆ ಇರಬೇಕಲ್ಲ. ಕಚೇರಿಯ ದೊಡ್ಡ ಹಾಲಿನೊಳಗೆ ಗಾಜಿನ ಗೋಡೆಯ ಒಂದು ಕೋಣೆ ಇತ್ತು, ಅದರೊಳಗೆ ಬಾಗಿಲಿರುವ ಇನ್ನೊಂದು ಪುಟ್ಟ ಕೋಣೆ. ಅದು ಮೇಲ್ವಿಚಾರಕರ ಕೋಣೆ. ಹಳೆಯ ಮೇಲ್ವಿಚಾರಕರು ನಿವೃತ್ತರಾಗಿ ಆರು ತಿಂಗಳಿಂದ ಖಾಲಿ ಬಿದ್ದಿತ್ತು. ಕೋಣೆಯೊಳಗಿನ ಕೋಣೆ! ಡಬ್ಬಿ ಗುಮಾಸ್ತರಿಗೆ ಸ್ವರ್ಗವೆಂದರೆ ಅದೇ. ದಿನಕ್ಕೆರಡು ಸಲ ಆ ಬಾಗಿಲ ಮುಂದೆ ಹಾದು ಹೋಗಿ, ಹಿಡಿಕೆಯನ್ನು ಕರವಸ್ತ್ರದಿಂದ ಒರೆಸಿ ಬರುತ್ತಿದ್ದರು. ನಾಳೆ ತಾವೇ ಹಿಡಿಯಬೇಕಾದ ಹಿಡಿಕೆಯಲ್ಲವೇ?

ಹೀಗಿರುವಾಗ ಕಚೇರಿಗೆ ಒಂದು ಕಂಪ್ಯೂಟರ್ ಬಂತು. ಜನ ದೂರು ಕೊಡಲು ಕಚೇರಿಯ ಮುಖ್ಯಸ್ಥರಾದ ಸಾಹೇಬರ ತಲೆ ತಿನ್ನುವ ಬದಲು ಬಾಗಿಲ ಪಕ್ಕದ ಈ ಕಂಪ್ಯೂಟರಿನ ಮುಂದೆ ನಿಂತು ತಾವೇ ದೂರು ದಾಖಲಿಸಬೇಕು, ಇದು ಮೇಲಿನಿಂದ ಬಂದ ಆದೇಶ. ಅದನ್ನು ಸಜ್ಜುಮಾಡಲು ಒಬ್ಬಳು ಹುಡುಗಿ ಬಂದಿದ್ದಳು. ಎಲ್ಲರೂ ಅವಳನ್ನು ಕಂಪ್ಯೂಟರಮ್ಮ ಎಂದೇ ಕರೆದರು. ಅವಳಿಗೆ ಅದರಿಂದ ಬೇಸರವಾದಂತೆ ಕಾಣಲಿಲ್ಲ.

"ಪರದೆ ಮೇಲೆ ಒಂದು ಪಟ್ಟಿ ಬರುತ್ತೆ ಸರ್. ಮೌಸಿನ ಬಾಣವನ್ನ ಒಂದರ ಮೇಲೆ ಇಟ್ರೆ ಅದರ ಪಕ್ಕದಲ್ಲಿ ಇನ್ನೊಂದು ಪಟ್ಟಿ ಬಿಚ್ಚಿಕೊಳ್ಳುತ್ತೆ. ಇದಕ್ಕೆ ಮೆನು ಅಂತೀವಿ. ಯಾವುದರೊಳಗೆ ಏನಿರ್ಬೇಕು ಅಂತ ಯಾರಾದ್ರೂ ಬರೆದುಕೊಟ್ರೆ ನಾನು ಮಾಡಿಕೊಡ್ತೀನಿ."

ಪಟ್ಟಿಯೊಳಗೊಂದು ಪಟ್ಟಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಗುಮಾಸ್ತರ ಮೈ ಜುಮ್ಮೆಂದಿತು. ಎದ್ದು ನಿಂತೇಬಿಟ್ಟರು.

"ಎಷ್ಟು ಒಳಗೆ ಹೋಗಬಹುದಮ್ಮಾ?"

"ಎಷ್ಟು ಬೇಕಾದ್ರೂ ಹೋಗಬಹುದು ಸರ್. ಆದ್ರೆ ಎರಡು ಹಂತಕ್ಕೇ ನಿಲ್ಲಿಸೋದು ಒಳ್ಳೇದು."

ಮೊದಲನೆಯ ವಾಕ್ಯ ಅವರ ಹೃದಯಕ್ಕೇ ಇಳಿಯಿತು. ಎರಡನೆಯದು ಕಿವಿಯ ಬಾಗಿಲಲ್ಲೇ ನಿಂತು ವಾಪಸ್ಸು ಹೋಯಿತು.

"ಸಾಹೇಬರೇ, ಈ ವಿಷಯದಲ್ಲಿ ನನಗೆ ಸ್ವಲ್ಪ ಅನುಭವ ಇದೆ," ಎಂದು ಗಂಭೀರವಾಗಿ ಹೇಳಿದರು. ಕಂಪ್ಯೂಟರಿನ ವಿಷಯದಲ್ಲಿ ಅವರಿಗಿದ್ದ ಅನುಭವವೆಂದರೆ, ಆ ಬೆಳಿಗ್ಗೆ ಅದರ ಖಾಲಿ ರಟ್ಟಿನ ಪೆಟ್ಟಿಗೆಯನ್ನು ಮನೆಗೆ ಕೊಂಡೊಯ್ಯಬಹುದೇ ಎಂದು ಕೇಳಿದ್ದು. ಆದರೆ ಸಾಹೇಬರು ಯಾವ ಕೆಲಸ ಯಾರ ತಲೆಗೆ ಕಟ್ಟಲಿ ಎಂದು ಹುಡುಕುತ್ತಲೇ ಇದ್ದವರು. ತಾನಾಗಿ ಮುಂದೆ ಬಂದ ತಲೆಯನ್ನು ಬಿಡುತ್ತಾರೆಯೇ?

"ಭೇಷ್! ಚೆನ್ನಾಗಿ ಮಾಡಿಕೊಟ್ರೆ ಆ ಒಳಗಿನ ಕೋಣೆ ವಿಷಯ ನಾನೇ ಮೇಲಕ್ಕೆ ಬರೀತೀನಿ," ಎಂದರು.

ಆಯಿತಲ್ಲ! ಎಂಟು ದಿನ ಗುಮಾಸ್ತರ ಮನೆಯ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಾಳೆಗೆ ಹಾಳೆ ಅಂಟಿಸಿ ನೆಲದ ತುಂಬ ಹಾಸಿದರು. ದಾಖಲೆ ಕೋಣೆಯಲ್ಲಿ ಕಡತಗಳು ಹೇಗಿದ್ದವೋ ಹಾಗೆಯೇ ಮೆನುವಿನಲ್ಲಿ ವಿಭಾಗ, ಅದರೊಳಗೆ ಉಪವಿಭಾಗ, ಅದರೊಳಗೆ ಶಾಖೆ, ಹೀಗೆ ಏಳು ಹಂತ. ಅತ್ತೆ ಅಡುಗೆಮನೆಗೆ ಹೋಗಬೇಕಾದರೆ 'ಒಳಚರಂಡಿ'ಯನ್ನು ದಾಟಿ, 'ಮೀಟರು'ಗಳ ಮೇಲೆ ಹಾರಿ ಹೋಗಬೇಕಾಗಿತ್ತು.

ನಕ್ಷೆ ನೋಡಿ ಕಂಪ್ಯೂಟರಮ್ಮನ ಮುಖ ಸಪ್ಪಗಾಯಿತು.

"ಸರ್, ಮನೇಲಿ ನಲ್ಲಿ ಸೋರ್ತಿದೆ ಅಂತ ಹೇಳೋಕೆ ಬಂದವರು ಮೊದಲು ಯಾವುದಕ್ಕೆ ಹೋಗ್ಬೇಕು?"

"ಅದು ಬಹಳ ಸುಲಭ. ಮೊದಲು ವಿಭಾಗ. ಆಮೇಲೆ ಉಪವಿಭಾಗ. ಆಮೇಲೆ ಸೋರಿಕೆ ಮೀಟರಿನ ಈಚೆಗೋ ಆಚೆಗೋ. ಈಚೆಗಾದ್ರೆ ಕೊಳವೆ ಎಷ್ಟು ದಪ್ಪ..."

"ಕೊಳವೆ ಎಷ್ಟು ದಪ್ಪ ಅಂತ ಅವರಿಗೆ ಹೇಗೆ ಗೊತ್ತಿರುತ್ತೆ ಸರ್?"

"ಗೊತ್ತಿಲ್ಲದವರಿಗೆ ಅಂತಲೇ 'ಇತರೆ' ಇಟ್ಟಿದ್ದೀನಲ್ಲಮ್ಮ!"

"ಇತರೆ ಒಳಗೂ ಇನ್ನೊಂದು ಇತರೆ ಇದೆಯಲ್ಲ ಸರ್?"

"ಮತ್ತೆ? ಇತರೆಯಲ್ಲೂ ಸೇರದವು ಎಲ್ಲಿಗೆ ಹೋಗ್ಬೇಕು? ಬೀದೀಲಿ ನಿಲ್ಲಬೇಕಾ?"

ಅವಳು ಕಡೆಯ ಪ್ರಯತ್ನ ಮಾಡಿದಳು. ಏಳು ಪಟ್ಟಿ ಒಂದರ ಪಕ್ಕ ಒಂದು ಬಿಚ್ಚಿಕೊಂಡರೆ ಪರದೆಯಲ್ಲಿ ಜಾಗ ಸಾಲದು, ಅಕ್ಷರ ಸಾಸಿವೆಯಷ್ಟಾಗುತ್ತದೆ, ಬಾಣ ಕೂದಲೆಳೆಯಷ್ಟು ಸಾಲು ತಪ್ಪಿದರೂ ಅಷ್ಟೂ ಪಟ್ಟಿ ಪಟಪಟನೆ ಮುಚ್ಚಿಹೋಗುತ್ತವೆ ಎಂದು ಕೈ ಮುಗಿಯುವುದೊಂದು ಬಾಕಿ ಇಟ್ಟು ವಿವರಿಸಿದಳು.

"ಮುಚ್ಚಿಕೊಳ್ಳಲಿ," ಎಂದರು ಗುಮಾಸ್ತರು. "ಡಬ್ಬಿ ತೆರೆದಿಟ್ಟು ಹೋಗೋದು ಒಳ್ಳೇ ಅಭ್ಯಾಸ ಅಲ್ಲ."

ಕೊನೆಯ ದಿನ ಅವರಿಗೆ ಇನ್ನೊಂದು ಹೊಳೆಯಿತು. ನಿಲ್ಲಿಸಿದ ನೀರನ್ನು ಮತ್ತೆ ಬಿಡಿಸಿಕೊಳ್ಳುವ 'ಮರುಜೋಡಣೆ' ಎಂಬುದು ಬಿಟ್ಟೇಹೋಗಿತ್ತು. ಕಂಪ್ಯೂಟರಮ್ಮನಿಂದ ಅದನ್ನೂ ಒಂದು ಕಡೆ ಭದ್ರವಾಗಿ ಹಾಕಿಸಿ, ನಕ್ಷೆಯನ್ನು ಅದಕ್ಕಿಂತ ಭದ್ರವಾಗಿ ಎಲ್ಲೋ ಇಟ್ಟು, ನಿಶ್ಚಿಂತರಾದರು.

ಕಂಪ್ಯೂಟರ್ ಶುರುವಾದ ದಿನ ಸಾಲು ಬಾಗಿಲು ದಾಟಿ ಬೀದಿಗೆ ಬಂತು. ಮೊದಲು ನಿಂತವರು ನಿವೃತ್ತ ಡ್ರಿಲ್ ಮೇಷ್ಟ್ರು. ಮೂರನೆಯ ಪಟ್ಟಿಯವರೆಗೆ ಎದೆಯುಬ್ಬಿಸಿ ಹೋದರು. ನಾಲ್ಕನೆಯದಕ್ಕೆ ಕೈ ನಡುಗಿತು. ಪಟಪಟ, ಎಲ್ಲ ಮುಚ್ಚಿತು. ಮತ್ತೆ ಮೊದಲಿನಿಂದ. ಉಸಿರು ಬಿಗಿಹಿಡಿದರು, ಐದನೆಯದು ತೆರೆಯಿತು, ಹಿಂದಿದ್ದವರು ಹೋ ಎಂದರು, ಆ ಕೂಗಿಗೆ ಬೆಚ್ಚಿದ ಮೇಷ್ಟ್ರ ಕೈ ಸರಿಯಿತು. ಪಟಪಟ.

"ಏನ್ರೀ ಇದು? ನಾನು ಬಂದದ್ದು ನಲ್ಲಿ ಸೋರ್ತಿದೆ ಅಂತ ಹೇಳೋಕೆ. ಇಲ್ಲಿ ನನ್ನ ಬೆವರು ಸೋರ್ತಿದೆ!"

"ಅಭ್ಯಾಸವಾದ್ರೆ ಎಲ್ಲಾ ಸರಿಹೋಗುತ್ತೆ ಮೇಷ್ಟ್ರೇ," ಎಂದು ಪಕ್ಕದಲ್ಲೇ ನಿಂತಿದ್ದ ಗುಮಾಸ್ತರು ಸಮಾಧಾನ ಹೇಳಿದರು. ಜನ ನೂಕಾಡುವುದನ್ನು ಕಂಡು ಅವರಿಗೆ ಹೆಮ್ಮೆಯೋ ಹೆಮ್ಮೆ. ತಮ್ಮ ಕೃತಿಯನ್ನು ನೋಡಲು ಊರಿಗೆ ಊರೇ ಬಂದಿದೆ ಎಂದುಕೊಂಡರು.

ವಾರ ಕಳೆಯಿತು. ಆ ವಾರ ದಾಖಲಾದ ದೂರುಗಳ ವರದಿಯನ್ನು ಕಂಪ್ಯೂಟರ್ ತಾನೇ ಮುದ್ರಿಸಿ ಕೊಟ್ಟಿತು. ಸಾಹೇಬರು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು.

"ಸೊನ್ನೆ! ರೀ, ಸೊನ್ನೆ ಕಣ್ರೀ! ಹೋದ ತಿಂಗಳು ವಾರಕ್ಕೆ ಮುನ್ನೂರು ದೂರು ಬರ್ತಿತ್ತು. ನಿಮ್ಮ ಮೆನು ಬಂತು, ಊರಲ್ಲಿ ಒಂದು ನಲ್ಲೀನೂ ಸೋರ್ತಿಲ್ಲ!"

ದೂರು ಕಡಿಮೆಯಾದದ್ದು ನೀರು ಸರಿಯಾದದ್ದರಿಂದಲೋ, ದೂರಿನವರೆಗೆ ಯಾರೂ ತಲುಪದೇ ಇದ್ದದ್ದರಿಂದಲೋ ಎಂದು ಸಾಹೇಬರು ಕೇಳಲಿಲ್ಲ. ತಾನಾಗಿ ಬಂದ ಸೊನ್ನೆಯನ್ನು ಯಾರಾದರೂ ಪ್ರಶ್ನೆ ಮಾಡುತ್ತಾರೆಯೇ? ಅವರು ಅಂದೇ ಮೇಲಧಿಕಾರಿ ಮೇಡಂಗೆ ಪತ್ರ ಬರೆದರು. ಮೇಡಂ ಮುಂದಿನ ಗುರುವಾರ ಹನ್ನೊಂದು ಗಂಟೆಗೆ ತಾವೇ ಬಂದು ಈ ವಿಸ್ಮಯವನ್ನು ನೋಡುವುದಾಗಿ ತಿಳಿಸಿದರು. ಮೇಲ್ವಿಚಾರಕರ ನೇಮಕದ ಕಾಗದವೂ ಅವರ ಕೈಚೀಲದಲ್ಲೇ ಬರಲಿದೆಯೆಂದು ಸಾಹೇಬರು ಗುಮಾಸ್ತರ ಕಿವಿಯಲ್ಲಿ ಹೇಳಿದರು. ಅಂದು ಗುಮಾಸ್ತರು ಒಳಕೋಣೆಯ ಹಿಡಿಕೆಯನ್ನು ನಾಲ್ಕು ಸಲ ಒರೆಸಿದರು.

ಜನವೂ ಸುಮ್ಮನೆ ಕೂರಲಿಲ್ಲ. ಕೈ ನಡುಗದವರು ಯಾರಿದ್ದಾರೆ ಎಂದು ಹುಡುಕಿದಾಗ ಕಚೇರಿಯ ಎದುರಿನ ದರ್ಜಿ ಸಿಕ್ಕಿದರು. ಮೂವತ್ತು ವರ್ಷದಿಂದ ಗೆರೆ ಎಳೆಯದ ಬಟ್ಟೆಯ ಮೇಲೂ ನೇರ ಹೊಲಿಗೆ ಹಾಕಿದ ಕೈ. ಬುಧವಾರ ಮಧ್ಯಾಹ್ನ, ಗುಮಾಸ್ತರ ಪಕ್ಕದ ಮನೆಯ ನರ್ಸಮ್ಮ ದರ್ಜಿಯನ್ನು ಕರೆದುಕೊಂಡು ಬಂದೇಬಿಟ್ಟರು. ಅವರ ಓಣಿಯಲ್ಲಿ, ಎಂದರೆ ಗುಮಾಸ್ತರದೇ ಓಣಿಯಲ್ಲಿ, ನೀರು ನೂಲಿನಂತೆ ಬರುತ್ತಿತ್ತು.

ದರ್ಜಿ ಓಣಿಯ ಹೆಸರು ಒತ್ತಿ, ಕತ್ತಿನ ಟೇಪು ತೆಗೆದು ನರ್ಸಮ್ಮನ ಕೈಗೆ ಕೊಟ್ಟು, ಒಂದು ಕಣ್ಣು ಮುಚ್ಚಿ, ಮೌಸ್ ಹಿಡಿದರು. ಒಂದು. ಎರಡು. ಮೂರು. ಕಚೇರಿಗೆ ಕಚೇರಿಯೇ ಕತ್ತು ಮುಂದೆ ಚಾಚಿತು. ನಾಲ್ಕು. ಐದು. ಡ್ರಿಲ್ ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಆರು. ಏಳು! ಕಟ್ಟಕಡೆಯ ಪಟ್ಟಿ ಬಿಚ್ಚಿಕೊಂಡಿತು. ಗುಮಾಸ್ತರು ಅದನ್ನು ಅಕಾರಾದಿಯಾಗಿ ಜೋಡಿಸಿದ್ದರು. 'ನೀರಿನ ರಭಸ ಕಡಿಮೆ'. ಅದರ ಬೆನ್ನಿಗೇ 'ನೀರು ಶಾಶ್ವತ ನಿಲುಗಡೆ'. ದರ್ಜಿ ಮೊದಲನೆಯದರ ಮೇಲೆ ಬಾಣ ನಿಲ್ಲಿಸಿ ಬೆರಳು ಎತ್ತಿದರು.

"ಆ... ಆ... ಆಕ್ಷೀ!"

ಇನ್ಯಾರು, ಗುಮಾಸ್ತರೇ. ಮೊದಲ ಸೀನಿಗೆ ದರ್ಜಿ ಬೆಚ್ಚಿದರು, ಎರಡನೆಯದಕ್ಕೆ ಬಾಣ ಒಂದು ಸಾಲು ಕೆಳಗಿಳಿಯಿತು, ಮೂರನೆಯದಕ್ಕೆ ಬೆರಳು ಒತ್ತಿತು. ಪರದೆಯ ಮೇಲೆ ಸಾಸಿವೆಯಷ್ಟು ಅಕ್ಷರದಲ್ಲಿ ಹನ್ನೊಂದು ಸಾಲಿನ ಒಂದು ವಾಕ್ಯ ಮೂಡಿತು. ಅದನ್ನು ರಚಿಸಿದವರೂ ಗುಮಾಸ್ತರೇ. ಓದುವ ತಾಳ್ಮೆ ಯಾರಿಗಿದೆ? ಕೊನೆಯಲ್ಲಿದ್ದ 'ಧನ್ಯವಾದ' ಎಂಬುದೊಂದು ಎಲ್ಲರ ಕಣ್ಣಿಗೂ ಬಿತ್ತು. ಜನ ಚಪ್ಪಾಳೆ ತಟ್ಟಿದರು. ನರ್ಸಮ್ಮ ದರ್ಜಿಯ ಕೈ ಕುಲುಕಿದರು. ಹದಿನೈದು ದಿನದಲ್ಲಿ ಆ ಯಂತ್ರ ಒಬ್ಬರಿಗೆ ಧನ್ಯವಾದ ಹೇಳಿದ್ದು ಅದೇ ಮೊದಲು.

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ನೀರು ಬಿಟ್ಟು ನಿಲ್ಲಿಸುವ ವಾಲ್ವಿನವನು ಸೈಕಲ್ಲಿನಲ್ಲಿ ಓಣಿಗೆ ಬಂದ. ಕೈಯಲ್ಲಿ ಕಂಪ್ಯೂಟರ್ ಕೊಟ್ಟ ಕಾಗದ. ಓಣಿಯ ತುದಿಯ ಗುಂಡಿಗೆ ಇಳಿದು ಉದ್ದದ ಸಲಾಕೆ ಹಾಕಿ ತಿರುಗಿಸತೊಡಗಿದ. ಸರಿಯಾಗಿ ಆ ಹೊತ್ತಿಗೆ ಅತ್ತೆ ಬಚ್ಚಲಲ್ಲಿ ತಲೆಗೆ ಸೋಪು ಹಚ್ಚಿ ಮುಗಿಸಿದ್ದರು.

"ಏ ಮಗಳೇ! ನೀರು ನಿಂತುಹೋಯ್ತಲ್ಲೇ!"

ಗುಮಾಸ್ತರು ಹೊಸ ಅಂಗಿಯ ಗುಂಡಿ ಹಾಕುತ್ತ ಹೊರಗೆ ಬಂದರು. "ಏನಪ್ಪಾ, ಏನು ಮಾಡ್ತಿದ್ದೀಯ?"

"ನೀರು ನಿಲ್ಲಿಸ್ತಿದ್ದೀನಿ ಸ್ವಾಮಿ. ಶಾಶ್ವತವಾಗಿ."

"ಯಾರು ಹೇಳಿದ್ರು?"

"ಕಂಪ್ಯೂಟರ್ ಹೇಳಿದೆ. ನೋಡಿ, ನಿಮ್ಮದೇ ಓಣಿ. ಹದಿನೈದು ದಿನದಿಂದ ಕೆಲಸ ಇಲ್ದೆ ಕೈಕಾಲು ಜೋಮು ಹಿಡಿದಿತ್ತು. ಬಂದಿರೋದು ಇದೊಂದೇ ಕೆಲಸ, ತಡ ಮಾಡೋಕಾಗುತ್ತಾ? ರಾತ್ರಿಯೆಲ್ಲಾ ಸಲಾಕೆಗೆ ಎಣ್ಣೆ ಹಾಕಿದ್ದೀನಿ."

"ತೆಗಿಯಪ್ಪಾ, ತೆಗಿ! ನಾನು ಹೇಳ್ತಿದ್ದೀನಿ!"

"ನೀವು ಹೇಳಿದ್ರೆ ಹೇಗೆ ಸ್ವಾಮಿ? ಇನ್ಮೇಲೆ ಬಾಯಿಮಾತು ನಡೆಯೋದಿಲ್ಲ, ಎಲ್ಲಾ ಕಂಪ್ಯೂಟರಿಂದಲೇ ಬರ್ಬೇಕು ಅಂತ ಹೋದ ವಾರ ನಮಗೆ ಪಾಠ ಮಾಡಿದವರು ನೀವೇ ಅಲ್ವಾ? ಮರುಜೋಡಣೆ ಕಾಗದ ತನ್ನಿ, ಎರಡು ನಿಮಿಷದಲ್ಲಿ ಬಿಡ್ತೀನಿ."

ಅಷ್ಟರಲ್ಲಿ ಓಣಿಯ ಎಲ್ಲ ಬಾಗಿಲುಗಳೂ ತೆರೆದವು. ಬಾಯಲ್ಲಿ ಬ್ರಷ್ ಇಟ್ಟುಕೊಂಡವರು, ಕೈಯಲ್ಲಿ ಎಂಜಲು ತಟ್ಟೆ ಹಿಡಿದವರು, ಖಾಲಿ ಕೊಡ ಹೊತ್ತವರು ಗುಮಾಸ್ತರ ಮನೆಯ ಮುಂದೆ ನೆರೆದರು. ಅವರೆಲ್ಲರ ನಡುವೆ ದಾರಿ ಮಾಡಿಕೊಂಡು, ತಲೆಯ ಮೇಲೆ ಬೆಳ್ಳನೆಯ ನೊರೆಯ ಗೋಪುರ ಹೊತ್ತ ಅತ್ತೆ ಬಂದು ನಿಂತರು. ನರ್ಸಮ್ಮ ಓಡಿಹೋಗಿ ಕುಡಿಯುವ ನೀರಿನ ಒಂದು ಚೊಂಬು ತಂದುಕೊಟ್ಟರು. ಅತ್ತೆ ಅದನ್ನು ಕೈಯಿಂದ ಸರಿಸಿದರು.

"ಬೇಡಮ್ಮಾ. ನನ್ನ ಅಳಿಯಂದಿರು ನಲ್ಲೀಲಿ ನೀರು ಬರಿಸಲಿ. ಆಗಲೇ ಈ ತಲೆ ತೊಳೆಯೋದು. ಅಲ್ಲೀವರೆಗೂ ಹೀಗೇ ಇರ್ತೀನಿ. ಊರು ನೋಡಲಿ."

ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ರೀ, ಸಿಟ್ಟು ಬಂದ್ರೆ ತವರಿಗೆ ಹೋಗ್ತೀನಿ ಅನ್ನೋಣ ಅಂದ್ರೆ ತವರೇ ಸೋಪು ಹಚ್ಚಿಕೊಂಡು ಇಲ್ಲಿ ನಿಂತಿದೆ. ನಾನೀಗ ಎಲ್ಲಿಗೆ ಹೋಗ್ಲಿ ಹೇಳಿ!"

"ಹತ್ತು ನಿಮಿಷದ ಕೆಲಸ ಕಣೆ, ಈಗ ಬರ್ತೀನಿ," ಎಂದು ಗುಮಾಸ್ತರು ಕಚೇರಿಗೆ ದೌಡಾಯಿಸಿದರು. ಹಿಂದೆಯೇ ಓಣಿ ಹೊರಟಿತು. ಮುಂದೆ ಅತ್ತೆ, ಅವರ ಪಕ್ಕದಲ್ಲಿ ಮಗಳು, ಅವರ ಹಿಂದೆ ಕೊಡಗಳು, ಕೊಡಗಳ ಹಿಂದೆ ಸೈಕಲ್ಲು ತಳ್ಳುತ್ತ ವಾಲ್ವಿನವನು. ಸಾಬೂನು ಒಣಗುವುದರೊಳಗೆ ಕೆಲಸವಾಗಬೇಕಿತ್ತು.

ಹತ್ತು ನಿಮಿಷವಾಯಿತು, ಒಂದು ಗಂಟೆಯಾಯಿತು. 'ಮರುಜೋಡಣೆ'ಯನ್ನು ಯಾವುದರೊಳಗೆ ಇಟ್ಟಿದ್ದೆ? ವಿಭಾಗದಲ್ಲಿ ನೋಡಿದರು, ಶಾಖೆಯಲ್ಲಿ ನೋಡಿದರು. ತಮ್ಮದೇ ಮೆನುವಿನೊಳಗೆ ಹೊಕ್ಕು ದಾರಿ ತಪ್ಪಿ ಮೂರು ಸಲ 'ಹೊಸ ಕೊಳವೆಬಾವಿ'ಗೆ ಬಂದು ನಿಂತರು. ತಾವೇ ತೋಡಿದ ಬಾವಿಗೆ ತಾವೇ ಬೀಳುವುದೆಂದರೆ ಇದೇ ಇರಬೇಕು. ಕಂಪ್ಯೂಟರಮ್ಮನನ್ನು ಕೇಳಿದರೆ, "ಕೊನೇ ದಿನ ಯಾವುದೋ ಒಂದು ಇತರೆಗೆ ಹಾಕಿಸಿದ್ರಿ ಸರ್. ಒಟ್ಟು ನಲವತ್ತೆಂಟು ಇತರೆ ಇದೆ. ಯಾವುದು ಅಂತ ನನಗೂ ನೆನಪಿಲ್ಲ," ಎಂದಳು.

ಸರಿಯಾಗಿ ಹನ್ನೊಂದಕ್ಕೆ ಮೇಲಧಿಕಾರಿ ಮೇಡಂ ಬಂದಿಳಿದರು. ಗಿಡ್ಡನೆಯ ಹೆಂಗಸು, ಮಾತು ಕಡಿಮೆ, ನೋಟ ಜಾಸ್ತಿ. ಸಾಹೇಬರು ಹಲ್ಲು ಕಿರಿದು ವರದಿ ಮುಂದಿಟ್ಟರು.

"ಹದಿನೈದು ದಿನದಲ್ಲಿ ದೂರು ಸೊನ್ನೆ ಮೇಡಂ. ಬಂದ ಕೋರಿಕೆ ಒಂದು, ಮುಗಿಸಿದ್ದು ಒಂದು. ನೂರಕ್ಕೆ ನೂರು!"

"ಆ ಒಂದು ಕೋರಿಕೆ ಯಾರದು?"

"ನಮ್ಮದು!" ಎಂದು ಹಿಂದಿನಿಂದ ಒಂದು ಧ್ವನಿ ಬಂತು. ಮೇಡಂ ತಿರುಗಿ ನೋಡಿದರು. ಅಲ್ಲಿ ನೊರೆಯ ಗೋಪುರವಿತ್ತು, ಅದರ ಹಿಂದೆ ಇಪ್ಪತ್ತು ಖಾಲಿ ಕೊಡಗಳಿದ್ದವು. ವಿಷಯವೆಲ್ಲ ಹೊರಬೀಳಲು ಐದು ನಿಮಿಷ ಹಿಡಿಯಿತು. ಎಲ್ಲರೂ ಒಟ್ಟಿಗೆ ಹೇಳಿದ್ದರಿಂದ ಅಷ್ಟು, ಇಲ್ಲದಿದ್ದರೆ ಎರಡೇ ನಿಮಿಷ.

"ವಾಲ್ವ್ ತೆಗೆಸೋಕೆ ನನ್ನದೊಂದು ಮಾತು ಸಾಕು," ಎಂದರು ಮೇಡಂ. "ಆದ್ರೆ ಈ ಪೆಟ್ಟಿಗೆ ಏನು ಮಾಡುತ್ತೆ ಅಂತ ನಾನು ನೋಡ್ಬೇಕು. ಎಲ್ಲಿ, ಮರುಜೋಡಣೆ ತೋರಿಸಿ."

"ತೋರಿಸ್ರೀ!" ಎಂದರು ಸಾಹೇಬರು.

"ಹುಡುಕ್ತಿದ್ದೀನಿ ಸಾಹೇಬರೇ."

"ನಕ್ಷೆ ಎಲ್ಲಿ?"

"ಭದ್ರವಾಗಿಟ್ಟಿದ್ದೀನಿ."

"ಎಲ್ಲಿ?"

"ಅದನ್ನೂ ಹುಡುಕ್ಬೇಕು."

ಗುಮಾಸ್ತರ ಹೊಸ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಗಾಜಿನಾಚೆ ಆ ಪುಟ್ಟ ಕೋಣೆಯ ಹಿಡಿಕೆ ಹೊಳೆಯುತ್ತಿತ್ತು. ಹತ್ತೊಂಬತ್ತು ವರ್ಷ ಮೆಟ್ಟಿಲ ಕೆಳಗೆ ಕಳೆದವರಿಗೆ ಆ ಹಿಡಿಕೆ ಎಷ್ಟು ದೊಡ್ಡದು ಎಂದು ಗೊತ್ತಿದ್ದದ್ದು ಅಲ್ಲಿ ಒಬ್ಬರಿಗೇ. ಅದು ಅವರ ಹೆಂಡತಿ. ಜನರ ನಡುವಿನಿಂದ ಮುಂದೆ ಬಂದರು.

"ಸ್ವಲ್ಪ ಸರ್ಕೊಳ್ಳಿ, ನಾನು ನೋಡ್ತೀನಿ," ಎಂದರು ಹೆಂಡತಿ.

"ನಿನಗೆ ಕಂಪ್ಯೂಟರ್ ಗೊತ್ತಾ?"

"ಕಂಪ್ಯೂಟರ್ ಗೊತ್ತಿಲ್ಲ. ನೀವು ಗೊತ್ತು." ಮೌಸ್ ಕೈಗೆ ತೆಗೆದುಕೊಂಡರು. "ಒಂದು ಹೇಳಿ. ಇದನ್ನ ಸೇರಿಸೋವಾಗ ಇದು ಬಹಳ ಮುಖ್ಯ ಅನ್ನಿಸಿತ್ತಾ?"

"ಹೂಂ ಕಣೆ. ಬಹಳ ಮುಖ್ಯ, ಕಳೆದುಹೋಗಬಾರದು ಅನ್ನಿಸಿತ್ತು."

"ಹಾಗಾದ್ರೆ ತೀರಾ ಒಳಗೇ ಇರುತ್ತೆ."

ಅವರು ನೇರವಾಗಿ 'ಇತರೆ'ಗೆ ಹೋದರು. ಅದರೊಳಗಿನ ಇತರೆಗೆ ಹೋದರು. ದರ್ಜಿ ಕೂಡ ಬೆರಗಾಗಿ ನೋಡಿದರು. ಇಪ್ಪತ್ತೆರಡು ವರ್ಷ ಪೆಟ್ಟಿಗೆಯೊಳಗಿನ ಡಬ್ಬದೊಳಗಿನ ಡಬ್ಬಿಯನ್ನು ಏನೂ ಉರುಳದಂತೆ ತೆಗೆದ ಕೈ ಅದು. "ಅಡ್ಡಹಾದಿ ಹಿಡಿದ್ರೆ ಮುಚ್ಚಿಕೊಳ್ಳುತ್ತೆ," ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತ, "ಮೊದಲು ಪಕ್ಕಕ್ಕೆ, ಆಮೇಲೆ ಕೆಳಕ್ಕೆ," ಎನ್ನುತ್ತ ನಾಲ್ಕಕ್ಕೆ ಬಂದರು, ಐದಕ್ಕೆ ಬಂದರು. ಇತರೆ, ಇತರೆ, ಇತರೆ. ಆರನೆಯ ಇತರೆಯೊಳಗಿಂದ ಏಳನೆಯ ಪಟ್ಟಿ ಬಿಚ್ಚಿಕೊಂಡಿತು. ಅದರಲ್ಲಿ ಇದ್ದದ್ದು ಒಂದೇ ಸಾಲು: 'ಮರುಜೋಡಣೆ'.

"ಆ..." ಎಂದರು ಗುಮಾಸ್ತರು.

ಕಚೇರಿಗೆ ಕಚೇರಿಯೇ ಕಲ್ಲಾಯಿತು. ಹೆಂಡತಿಯ ಕೈ ಪಟ್ಟಿಯ ಅಂಚಿನಲ್ಲಿತ್ತು. "ಆ... ಆ..." ಮೂಗಿನ ಹೊಳ್ಳೆ ಅರಳಿತು, ಕಣ್ಣು ಮೇಲೆ ಹೋಯಿತು. ಆಗ ಅತ್ತೆ ಒಂದೇ ನೆಗೆತಕ್ಕೆ ಬಂದು, ನೊರೆ ತುಂಬಿದ ಕೈಯಲ್ಲಿ ಅಳಿಯನ ಮೂಗನ್ನು ಗಪ್ಪನೆ ಹಿಡಿದುಬಿಟ್ಟರು.

"ಈಗ ಸೀನಿದ್ರೆ ನೋಡಿ!"

ಅಳಿಯನ ಮೂಗು ಹಿಡಿಯುವ ಅತ್ತೆಯನ್ನು ಆ ಕಚೇರಿ ಹಿಂದೆಂದೂ ಕಂಡಿರಲಿಲ್ಲ. ಸೀನು ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸ್ಸು ಹೋಯಿತು. ಹೆಂಡತಿ ಒತ್ತಿದರು. ಯಂತ್ರ ಗುರ್ರೆಂದಿತು, ಕಾಗದ ಹೊರಬಂತು. ವಾಲ್ವಿನವನು ಅದನ್ನು ಕಿತ್ತುಕೊಂಡು ಸೈಕಲ್ ಹತ್ತಿದ. ಅವನ ಹಿಂದೆ ಕೊಡಗಳು ಓಡಿದವು, ಕೊಡಗಳಿಗಿಂತ ಮುಂದೆ ಅತ್ತೆ ಓಡಿದರು. ಎಪ್ಪತ್ತರ ಹೆಂಗಸು ಹಾಗೆ ಓಡಿದ್ದನ್ನು ಡ್ರಿಲ್ ಮೇಷ್ಟ್ರು ಇಂದಿಗೂ ಮೆಚ್ಚಿಕೊಂಡು ಹೇಳುತ್ತಾರೆ.

ಗದ್ದಲ ಇಳಿದ ಮೇಲೆ ಮೇಡಂ ಹೆಂಡತಿಯ ಕಡೆ ತಿರುಗಿದರು. "ನೀವಾಗಿದ್ರೆ ಇದನ್ನ ಹೇಗೆ ಮಾಡ್ತಿದ್ರಮ್ಮ?"

"ನನಗೇನು ತಿಳಿಯುತ್ತೆ ಮೇಡಂ? ನೀರು ಬರ್ತಿಲ್ಲ ಅಂತ ಒಂದು. ಸೋರ್ತಿದೆ ಅಂತ ಒಂದು. ಕೆಟ್ಟ ವಾಸನೆ ಅಂತ ಒಂದು. ದಿನಾ ಬೇಕಾದ್ದು ಕೈಗೆ ಸಿಗೋ ಹಾಗೆ ಮೇಲೇ ಇರ್ಬೇಕು. ಇನ್ನೇನಾದ್ರೂ ಇದ್ರೆ, ಅದನ್ನ ಕೇಳೋಕೆ ಒಬ್ಬ ಮನುಷ್ಯ ಇರ್ಬೇಕು."

ಕಂಪ್ಯೂಟರಮ್ಮ ಆಗಲೇ ಬರೆದುಕೊಳ್ಳುತ್ತಿದ್ದಳು. ಮೇಡಂ ಗಾಜಿನಾಚೆ ಕೈ ತೋರಿಸಿ, "ಆ ಒಳಗಿನ ಕೋಣೆ ಖಾಲಿ ಇದೆಯಲ್ಲ?" ಎಂದು ಕೇಳಿದರು. ಮೂಗಿನ ತುದಿಯಲ್ಲಿ ನೊರೆ ಹೊತ್ತಿದ್ದ ಗುಮಾಸ್ತರು ಅಂಗಿಯ ಕಾಲರು ಸರಿಮಾಡಿಕೊಂಡರು.

"ಮುರಿದ ಕುರ್ಚಿಗಳನ್ನೆಲ್ಲಾ ಅದರಲ್ಲಿ ತುಂಬಿ. ಹಳೇ ಕಡತ ಎಲ್ಲಾ ಬಲ್ಲ ಈ ಗುಮಾಸ್ತರಿಗೆ ಕಂಪ್ಯೂಟರ್ ಪಕ್ಕದಲ್ಲೇ, ಬಾಗಿಲ ಹತ್ತಿರ, ಒಂದು ಮೇಜು ಹಾಕಿ. ಮೇಲ್ವಿಚಾರಕರು ಜನರ ಕಣ್ಣಿಗೆ ಕಾಣೋ ಕಡೆ ಕೂತ್ಕೊಳ್ಳಲಿ."

ಮೇಲ್ವಿಚಾರಕರಂತೆ! ಹುದ್ದೆ ಸಿಕ್ಕಿತು, ಕೋಣೆ ಹೋಯಿತು. ಕೋಣೆ ಹೋದದ್ದು ಗುಮಾಸ್ತರಿಗೆ ನಿಜವಾಗಿಯೂ ನೋವಾಯಿತು. ಆ ಸಂಜೆ ಹಿಡಿಕೆಯನ್ನು ಕೊನೆಯ ಸಲ ಒರೆಸಿ ಬಂದರು.

ಪರದೆಯ ಮೇಲೆ ಈಗ ನಾಲ್ಕೇ ಗುಂಡಿಗಳು. ನಾಲ್ಕನೆಯದರ ಮೇಲೆ 'ಇನ್ನೇನೋ ಇದೆ' ಎಂದು ಬರೆದಿದೆ. ಅದನ್ನು ಒತ್ತಿದರೆ 'ಪಕ್ಕದ ಮೇಜಿನವರನ್ನು ಕೇಳಿ' ಎಂದು ಬರುತ್ತದೆ. ಪಕ್ಕದ ಮೇಜಿನಲ್ಲಿ ಡಬ್ಬಿ ಗುಮಾಸ್ತರು. ಯಾವ ಓಣಿಯಲ್ಲಿ ಯಾವ ಕೊಳವೆ ಯಾವಾಗ ಹೂತದ್ದು, ಯಾವ ತಿರುವಿನಲ್ಲಿ ಒಡೆಯುತ್ತದೆ, ಹತ್ತೊಂಬತ್ತು ವರ್ಷದ ಕಡತವೆಲ್ಲ ಅವರ ತಲೆಯಲ್ಲಿದೆ. ಕೇಳಿದವರಿಗೆ ಕೇಳಿದ ಕೂಡಲೇ ಹೇಳುತ್ತಾರೆ. ಒಂದು ಮುಚ್ಚಳವನ್ನೂ ತೆಗೆಯುವುದಿಲ್ಲ. ಮೊದಲ ವಾರ ನಾನೂರ ಹನ್ನೆರಡು ದೂರು ಬಂದವು. ಸಾಹೇಬರು ಹಾಸಿಗೆ ಹಿಡಿದರು, ವಾಲ್ವಿನವನ ಜೋಮು ಬಿಟ್ಟಿತು, ಓಣಿಯಲ್ಲಿ ನೀರು ಬೆರಳ ಗಾತ್ರ ಬರತೊಡಗಿತು.

ತಿಂಗಳ ಮೇಲೆ ಒಂದು ಬೆಳಿಗ್ಗೆ ಗುಮಾಸ್ತರಿಗೆ ಜ್ಞಾನೋದಯವಾಯಿತು. ಯಾರಿಗೂ ಹೇಳದೆ ಅಡುಗೆಮನೆಗೆ ಹೋಗಿ, ಉಪ್ಪಿನ ಪೊಟ್ಟಣ ಹೊರತೆಗೆದು, ಒಂದು ಬಟ್ಟಲಿಗೆ ಸುರಿದು, ಒಲೆಯ ಪಕ್ಕದ ಹಲಗೆಯ ಮೇಲೆ ಇಟ್ಟು, ಹಗುರಾದ ಮನಸ್ಸಿನಿಂದ ಕಚೇರಿಗೆ ಹೊರಡಲು ಚಪ್ಪಲಿ ಮೆಟ್ಟಿದರು.

ಒಲೆಯ ಮೇಲೆ ಏನೋ ಉಕ್ಕುತ್ತಿತ್ತು. ಒಳಗೆ ಅತ್ತೆ ಕಪಾಟು ತೆರೆದರು. ಪೆಟ್ಟಿಗೆ ತೆರೆದರು. ಡಬ್ಬ ತೆರೆದರು. ಡಬ್ಬಿ ತೆರೆದರು. ಅದರೊಳಗೆ ಉಪ್ಪಿರಲಿಲ್ಲ, ನಾಲ್ಕಾಗಿ ಮಡಚಿದ ಒಂದು ಚೀಟಿ ಇತ್ತು. ಬಿಚ್ಚಿ ಓದಿದರು: 'ಉಪ್ಪು ಹೊರಗೆ, ಹಲಗೆಯ ಮೇಲಿದೆ.'

"ಅಳಿಯಂದ್ರೇ!" ಅತ್ತೆಯ ಕೂಗಿಗೆ ಪಕ್ಕದ ಮನೆಯ ನರ್ಸಮ್ಮನೂ ಕಿಟಕಿ ತೆರೆದರು. "ಉಪ್ಪು ಹೊರಗಿದೆ ಅನ್ನೋ ಚೀಟೀನ ಯಾರಾದ್ರೂ ಇಷ್ಟು ಒಳಗೆ ಇಡ್ತಾರಾ?"

"ಮತ್ತೆ ಎಲ್ಲಿಡ್ಲಿ ಅತ್ತೆ?" ಎಂದರು ಗುಮಾಸ್ತರು ಗೇಟಿನಿಂದಲೇ, ನಿಜವಾಗಿಯೂ ಅರ್ಥವಾಗದೆ. "ಅದು ಬಹಳ ಮುಖ್ಯವಾದ ಚೀಟಿ!"